ಬಾರದೇ ಇದ್ದವರು ಬಂದ ದಿನ

ಮೊದಲು ಎರಡು ಸಂಖ್ಯೆ ನೋಡಿಬಿಡಿ: 9,289 ಮತ್ತು 9,123. ಅಮೆರಿಕದ ಟೆಕ್ಸಸ್ ರಾಜ್ಯದ ದಕ್ಷಿಣದ ತುದಿಯಲ್ಲಿ, ರಿಯೋ ಗ್ರಾಂಡೆ ನದಿಯ ದಂಡೆಗೇ ಅಂಟಿಕೊಂಡಿರುವ ಸ್ಟಾರ್ ಎಂಬ ಕೌಂಟಿಯಲ್ಲಿ 2016ರಲ್ಲಿ ಹಿಲರಿ ಕ್ಲಿಂಟನ್‌ಗೆ ಬಿದ್ದ ಮತ ಮೊದಲನೆಯದು. 2020ರಲ್ಲಿ ಜೋ ಬೈಡನ್‌ಗೆ ಬಿದ್ದದ್ದು ಎರಡನೆಯದು. ನಾಲ್ಕು ವರ್ಷಕ್ಕೆ ಕಳೆದುಕೊಂಡದ್ದು ಬರೀ 166 ಮತ. ಇಷ್ಟನ್ನೇ ನೋಡಿದರೆ ಡೆಮಾಕ್ರಟಿಕ್ ಪಕ್ಷದವರು ಕಾಲು ಚಾಚಿ ನಿದ್ದೆ ಮಾಡಬಹುದಿತ್ತು. ಈಗ ಪಕ್ಕದ ಕಾಲಂಗೆ ಕಣ್ಣು ಹಾಯಿಸಿ. ಡೊನಾಲ್ಡ್ ಟ್ರಂಪ್‌ಗೆ 2016ರಲ್ಲಿ 2,224. 2020ರಲ್ಲಿ 8,247!

ಆರು ಸಾವಿರ ಜನ ಎಲ್ಲಿಂದ ಬಂದರು?

ಎದುರು ಪಕ್ಷದಿಂದ ಒಡೆದು ಬಂದವರಾಗಿದ್ದರೆ ಆ ಪಕ್ಷದ ಮೊತ್ತ ಕುಸಿಯಬೇಕಿತ್ತು, ಕುಸಿದಿಲ್ಲ. ಏರಿದ್ದು ಒಟ್ಟು ಮತದಾನ. ಸುಮಾರು 11,700 ಇದ್ದದ್ದು 17,500ರ ಹತ್ತಿರಕ್ಕೆ ಜಿಗಿದಿದೆ. ಹಿಂದಿನ ಸಲ ಮತಗಟ್ಟೆಯ ಮುಖ ನೋಡದವರು ಈ ಸಲ ಸಾಲಿನಲ್ಲಿ ನಿಂತರು, ಅವರಲ್ಲಿ ಬಹುಪಾಲು ಒಂದೇ ಕಡೆ ಒತ್ತಿದರು. ಮತ ಗುಪ್ತ, ಒಬ್ಬೊಬ್ಬರ ಜಾಡು ಹಿಡಿಯಲಾಗದು, ಅತ್ತಿಂದಿತ್ತ ದಾಟಿದವರೂ ಇರಬಹುದು, ಒಪ್ಪೋಣ. ಆದರೂ ಮೊತ್ತಗಳು ಹೇಳುವ ಕತೆ ಇದೇ. ಆ ಕತೆ ಕೇಳಿದ ಮೇಲೆ ಅಮೆರಿಕದ ಚುನಾವಣೆಯನ್ನು ಹಳೆಯ ಕಣ್ಣಿನಿಂದ ನೋಡಲು ನನಗಂತೂ ಆಗುತ್ತಿಲ್ಲ.

ಏಕೆಂದರೆ ಸ್ಟಾರ್ ಕೌಂಟಿ ಅಂತಿಂಥ ಜಾಗವಲ್ಲ. 65 ಸಾವಿರ ಚಿಲ್ಲರೆ ಜನಸಂಖ್ಯೆಯಲ್ಲಿ ನೂರಕ್ಕೆ 97 ಮಂದಿ ಹಿಸ್ಪಾನಿಕ್, ಇಲ್ಲಿನ ಮಟ್ಟಿಗೆ ಬಹುಪಾಲು ಮೆಕ್ಸಿಕೊ ಮೂಲದ, ಸ್ಪ್ಯಾನಿಷ್ ಮನೆಮಾತಿನ ಕುಟುಂಬಗಳವರು. 1896ರಿಂದ 2020ರವರೆಗೆ ಒಂದೇ ಒಂದು ಅಧ್ಯಕ್ಷೀಯ ಚುನಾವಣೆಯಲ್ಲೂ ಈ ಕೌಂಟಿ ಡೆಮಾಕ್ರಟರ ಕೈ ಬಿಟ್ಟಿರಲಿಲ್ಲ. ಇಡೀ ದೇಶದಲ್ಲಿ ಇಷ್ಟು ದೀರ್ಘ ನಿಷ್ಠೆ ಇನ್ನೆಲ್ಲೂ ಇರಲಿಲ್ಲ. 2012ರಲ್ಲಿ ಒಬಾಮಾಗೆ ಇಲ್ಲಿ ಸಿಕ್ಕದ್ದು ಶೇ 86. ಹನ್ನೆರಡೇ ವರ್ಷ! 2024ರಲ್ಲಿ ಟ್ರಂಪ್ 9,487, ಕಮಲಾ ಹ್ಯಾರಿಸ್ 6,862. ಒಂದೂಕಾಲು ಶತಮಾನದ ಕೋಟೆ ಬಿತ್ತು. ಗಡಿಗೋಡೆ ಕಟ್ಟುತ್ತೇನೆಂದು ಹೊರಟವನಿಗೆ, ಆ ಗೋಡೆಗಾಗಿ ಸರ್ಕಾರ ಯಾರ ಜಮೀನು ಕೇಳಿತೋ ಅದೇ ಊರಿನವರು ಮತ ಕೊಟ್ಟರು.

ಅಮೆರಿಕದ ಎರಡೂ ಪಕ್ಷಗಳು ದಶಕಗಳ ಕಾಲ ಒಂದು ಸೂತ್ರವನ್ನು ಕಣ್ಣು ಮುಚ್ಚಿ ನಂಬಿದ್ದವು. ಹಿಸ್ಪಾನಿಕರ ಮತದಾನ ಏರಿದರೆ ಡೆಮಾಕ್ರಟರಿಗೆ ಲಾಭ. ಇಂದಲ್ಲ ನಾಳೆ ಟೆಕ್ಸಸ್ ಕೂಡ ಅವರ ಬಣ್ಣವಾದ ನೀಲಿಗೆ ತಿರುಗುತ್ತದೆ. ಒಬ್ಬರು ಅದಕ್ಕಾಗಿ ಕಾದು ಕೂತರು, ಇನ್ನೊಬ್ಬರು ಅದಕ್ಕೆ ಹೆದರಿ ಕೂತರು. ಮತ ಹಾಕದೆ ಮನೆಯಲ್ಲಿದ್ದವರೂ ಹಾಕಿ ಬಂದವರಂತೆಯೇ ಯೋಚಿಸುತ್ತಾರೆ ಎಂಬ ಊಹೆ ಆ ಸೂತ್ರದ ಬುಡದಲ್ಲಿತ್ತು. ಅದನ್ನು ಪರೀಕ್ಷಿಸಲು ಹೋದವರು ಕಡಿಮೆ!

ಸ್ಟಾರ್‌ನಂಥ ಕಡೆ ಮತದಾನ ನಡೆಯುತ್ತಿದ್ದ ಬಗೆಯೇ ಬೇರೆ. ನವೆಂಬರಿನ ಚುನಾವಣೆ ಅಲ್ಲಿ ಹೆಸರಿಗೆ ಮಾತ್ರ. ನಿಜವಾದ ಜಟಾಪಟಿ ನಡೆಯುತ್ತಿದ್ದದ್ದು ವಸಂತದಲ್ಲಿ, ಡೆಮಾಕ್ರಟಿಕ್ ಪಕ್ಷದ ಒಳಗಿನ ಪ್ರಾಥಮಿಕ ಚುನಾವಣೆಯಲ್ಲಿ. ಶೆರಿಫ್ ಯಾರು, ಕೌಂಟಿಯ ನ್ಯಾಯಾಧೀಶ ಯಾರು ಎಂಬುದೆಲ್ಲ ಅಲ್ಲೇ ತೀರ್ಮಾನವಾಗುತ್ತಿತ್ತು. ಅದಕ್ಕೆಂದೇ ‘ಪೊಲಿತಿಕೇರಾ’ಗಳಿದ್ದರು: ಬೀದಿಯ ಪ್ರತಿ ಮನೆಯ ಅಜ್ಜಿಯ ಹೆಸರೂ ಬಲ್ಲ ಹೆಂಗಸರು, ಅಭ್ಯರ್ಥಿಯಿಂದ ಕೂಲಿ ಪಡೆದು ಮುದುಕರನ್ನು ಕಾರಿನಲ್ಲಿ ಕೂರಿಸಿಕೊಂಡು ಮತಗಟ್ಟೆಗೆ ಒಯ್ಯುವವರು. (ಹಣ ಕೊಟ್ಟು ಮತ ಕೊಂಡದ್ದಕ್ಕೆ ಸಿಕ್ಕಿಬಿದ್ದವರೂ ಅವರಲ್ಲಿದ್ದಾರೆ. ಕರ್ನಾಟಕದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ನವೆಂಬರ್ ಬಂದರೆ ಮತಪತ್ರದ ನೆತ್ತಿಯಲ್ಲಿ ಪಕ್ಷದ ಹೆಸರಿನ ಮುಂದೆ ಒಂದೇ ಗುರುತು ಹಾಕಿದರೆ ಸಾಕು, ಅಧ್ಯಕ್ಷನಿಂದ ಹಿಡಿದು ಊರ ಅಧಿಕಾರಿಯವರೆಗೆ ಎಲ್ಲರಿಗೂ ಮತ ಬೀಳುತ್ತಿತ್ತು. ಟೆಕ್ಸಸ್ ಶಾಸನಸಭೆ 2017ರಲ್ಲಿ ಆ ಒಂದೇ ಗುರುತಿನ ಪದ್ಧತಿಯನ್ನು ತೆಗೆದುಹಾಕಿತು. ಜಾರಿಗೆ ಬಂದದ್ದು 2020ರಲ್ಲಿ. ಮೊದಲ ಸಲ ಪ್ರತಿಯೊಬ್ಬ ಮತದಾರನೂ ಪ್ರತಿ ಹೆಸರಿನ ಮುಂದೆ ನಿಂತು ಯೋಚಿಸಬೇಕಾಯಿತು. ಮೇಲೊಬ್ಬರು, ಕೆಳಗೊಬ್ಬರು ಅನ್ನುವುದು ಸಲೀಸಾಯಿತು.

ಅದೇ ವರ್ಷ ಕೋವಿಡ್‌ನಿಂದ ಅಂಗಡಿಗಳು ಬಾಗಿಲು ಹಾಕಿದ್ದವು. ಬೈಡನ್ ಚರ್ಚೆಯ ವೇದಿಕೆಯಲ್ಲಿ ನಿಂತು ತೈಲೋದ್ಯಮದಿಂದ ದೂರ ಸರಿಯುವ ಮಾತಾಡಿದರು; ಆ ಭಾಗದ ಎಷ್ಟೋ ಮನೆಗಳ ಒಲೆ ಉರಿಯುವುದೇ ತೈಲಬಾವಿಯ ಸಂಬಳದಿಂದ. ಇನ್ನು ಗಡಿ ಕಾವಲು ಪಡೆ. ಹೊರಗಿನವರಿಗೆ ಅದು ಹಿಸ್ಪಾನಿಕರನ್ನು ಅಟ್ಟುವ ಪಡೆಯಂತೆ ಕಾಣುತ್ತದೆ. ರಿಯೋ ಗ್ರಾಂಡೆ ಕಣಿವೆಯ ಊರುಗಳಲ್ಲಿ ಅದು ಪಿಂಚಣಿ ಇರುವ ಸರ್ಕಾರಿ ನೌಕರಿ. ಅಣ್ಣನೋ ಅಳಿಯನೋ ಅದೇ ಸಮವಸ್ತ್ರದಲ್ಲಿದ್ದಾನೆ. ಪೊಲೀಸರ ಅನುದಾನ ಕಡಿತ ಮಾಡಿ ಎಂಬ ದೂರದ ನಗರಗಳ ಘೋಷಣೆ ಇಲ್ಲಿ ಹೇಗೆ ಕೇಳಿಸಿರಬಹುದು, ಊಹಿಸಿ. ಪಕ್ಕದ ಜಪಾಟಾ ಕೌಂಟಿಯಂತೂ 2016ರಲ್ಲಿ ಹಿಲರಿಗೆ ಮೂರರಲ್ಲಿ ಎರಡು ಪಾಲು ಮತ ಕೊಟ್ಟು, 2020ರಲ್ಲೇ ಟ್ರಂಪ್ ಕಡೆ ಮಗುಚಿತು.

ಇಲ್ಲಿಂದ ಹಿಂದಕ್ಕೆ ಹೋದರೆ ಇನ್ನೂ ಬೆರಗಿನ ಸಂಗತಿಯೊಂದು ಕಾದಿದೆ. 1948ರ ಆಗಸ್ಟ್. ಟೆಕ್ಸಸ್‌ನ ಸೆನೆಟ್ ಸ್ಥಾನಕ್ಕಾಗಿ ಡೆಮಾಕ್ರಟಿಕ್ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ ಲಿಂಡನ್ ಜಾನ್ಸನ್ ಮತ್ತು ಕೋಕ್ ಸ್ಟೀವನ್ಸನ್ ನಡುವೆ ಹಣಾಹಣಿ. ಮತ ಎಣಿಕೆ ಮುಗಿಯುತ್ತ ಬಂದಾಗ ಸ್ಟೀವನ್ಸನ್ ಕೂದಲೆಳೆಯಷ್ಟು ಮುಂದಿದ್ದಾರೆ. ಆರು ದಿನದ ಮೇಲೆ ಜಿಮ್ ವೆಲ್ಸ್ ಕೌಂಟಿಯ ಆಲಿಸ್ ಎಂಬ ಊರಿನ 13ನೇ ಮತಪೆಟ್ಟಿಗೆಯಲ್ಲಿ ಇದ್ದಕ್ಕಿದ್ದಂತೆ 202 ಮತ ಹೆಚ್ಚುವರಿಯಾಗಿ ಸಿಕ್ಕಿತು! 200 ಜಾನ್ಸನ್‌ಗೆ, 2 ಸ್ಟೀವನ್ಸನ್‌ಗೆ. ಪಟ್ಟಿ ನೋಡಿದವರು ದಂಗಾದರು. ಆ ಹೆಸರುಗಳು ಅಕಾರಾದಿಯಲ್ಲಿ, ಒಂದೇ ಶಾಯಿಯಲ್ಲಿ, ಒಂದೇ ಕೈಬರಹದಲ್ಲಿದ್ದವು. ಅಕ್ಷರಮಾಲೆಯ ಕ್ರಮದಲ್ಲಿ ಮತ ಹಾಕಲು ಬಂದ ಊರು! ವಿಚಾರಿಸಲು ಸ್ಟೀವನ್ಸನ್ ಜೊತೆ ಆಲಿಸ್‌ಗೆ ಹೋದವನು ಫ್ರ್ಯಾಂಕ್ ಹೇಮರ್. ಬಾನಿ ಮತ್ತು ಕ್ಲೈಡ್ ಎಂಬ ದರೋಡೆ ಜೋಡಿಯನ್ನು ಹೊಡೆದುರುಳಿಸಿದ ಅದೇ ಪ್ರಖ್ಯಾತ ರೇಂಜರ್. ಅವನಿಂದಲೂ ಏನೂ ಆಗಲಿಲ್ಲ. ಹತ್ತು ಲಕ್ಷದ ಆಸುಪಾಸಿನ ಮತಗಳಲ್ಲಿ 87ರಿಂದ ಜಾನ್ಸನ್ ಗೆದ್ದರು. ತಾನು ಸುಳ್ಳು ಮತಗಳಿಗೆ ಮುದ್ರೆ ಒತ್ತಿದ್ದೆ ಎಂದು ಆ ಮತಗಟ್ಟೆಯ ಅಧಿಕಾರಿ ಲೂಯಿಸ್ ಸಾಲಸ್ 1977ರಲ್ಲಿ ಬಾಯಿಬಿಟ್ಟ. ಅಷ್ಟರಲ್ಲಿ ಜಾನ್ಸನ್ ಅಧ್ಯಕ್ಷರಾಗಿ, ನಿವೃತ್ತರಾಗಿ, ತೀರಿಕೊಂಡೂ ಆಗಿತ್ತು.

ಆ ಸೀಮೆಯ ಒಡೆಯ ಜಾರ್ಜ್ ಪಾರ್. ಡುವಾಲ್ ಕೌಂಟಿಯ ಡ್ಯೂಕ್ ಎಂದೇ ಹೆಸರು. ಮೆಕ್ಸಿಕೊ ಮೂಲದ ಕೂಲಿಕಾರರಿಗೆ ಕೆಲಸ, ಸಾಲ, ಮದುವೆಯ ಖರ್ಚು, ಸಾವಿನ ಖರ್ಚು ಎಲ್ಲಕ್ಕೂ ಅವನೇ ದಿಕ್ಕು. ಚುನಾವಣೆಯ ದಿನ ಅವರ ಮತ ಅವನದು. ನನಗೆ ರೋಮಾಂಚನವಾದದ್ದು ಇನ್ನೊಂದು ಕಾರಣಕ್ಕೆ. ಅದೇ 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಎಂ. ಎನ್. ಶ್ರೀನಿವಾಸ್ ಎಂಬ ತರುಣ ಸಮಾಜಶಾಸ್ತ್ರಜ್ಞ ಬಿಡಾರ ಹೂಡಿ, ಜಮೀನಿನ ಒಡೆಯನಿಗೂ ಒಕ್ಕಲಿಗೂ ಇರುವ ಹಂಗನ್ನು ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ಆ ಹಳ್ಳಿಯನ್ನು ಅವರು ರಾಂಪುರ ಎಂದು ಕರೆದರು. ಇವತ್ತು ಇಡೀ ಭಾರತ ಬಾಯಿಪಾಠ ಮಾಡಿರುವ ‘ವೋಟ್ ಬ್ಯಾಂಕ್’ ಹುಟ್ಟಿದ್ದು ಆ ಅಧ್ಯಯನದ ಫಲವಾಗಿ 1955ರಲ್ಲಿ ಬಂದ ಅವರ ಪ್ರಬಂಧದಲ್ಲಿ. ಡುವಾಲ್‌ನ ಡ್ಯೂಕ್ ಮಾಡುತ್ತಿದ್ದುದನ್ನು ಶ್ರೀನಿವಾಸ್ ನೋಡಿದ್ದರೆ ಗುರುತು ಹಿಡಿಯಲು ಅರೆಗಳಿಗೆಯೂ ಬೇಕಾಗುತ್ತಿರಲಿಲ್ಲ.

ಇತಿಹಾಸದ ಕುಚೋದ್ಯ ಅಲ್ಲಿಗೆ ನಿಲ್ಲುವುದಿಲ್ಲ. ಇಪ್ಪತ್ತರ ಹರೆಯದಲ್ಲಿ ಇದೇ ಜಾನ್ಸನ್ ಕೊಟುಲಾ ಎಂಬ ಊರಿನಲ್ಲಿ ಬಡ ಮೆಕ್ಸಿಕನ್ ಮಕ್ಕಳ ಶಾಲೆಯ ಮೇಷ್ಟರಾಗಿದ್ದರು. 1965ರಲ್ಲಿ ಅಧ್ಯಕ್ಷರಾಗಿ ಮತದಾನ ಹಕ್ಕಿನ ಕಾಯ್ದೆಗೆ ಬೆಂಬಲ ಕೇಳುತ್ತ ಸಂಸತ್ತಿನ ಮುಂದೆ ನೆನೆದದ್ದು ಆ ಮಕ್ಕಳನ್ನೇ. ಕದ್ದ ಹೆಸರುಗಳಿಂದ ಮೇಲೆ ಬಂದ ಮನುಷ್ಯ ಆ ಹೆಸರಿನವರಿಗೆ ನಿಜವಾದ ಮತದ ದಾರಿ ತೆರೆದರು! ಹತ್ತು ವರ್ಷದ ಬಳಿಕ, 1975ರಲ್ಲಿ, ಕಾಯ್ದೆಯನ್ನು ವಿಸ್ತರಿಸಿ ಸ್ಪ್ಯಾನಿಷ್‌ನಲ್ಲೂ ಮತಪತ್ರ ಸಿಗುವಂತೆ ಮಾಡಲಾಯಿತು. ಅದಕ್ಕೂ ಒಂದು ವರ್ಷ ಮೊದಲು ಸ್ಯಾನ್ ಆಂಟೋನಿಯೊದಲ್ಲಿ ವಿಲ್ಲಿ ವೆಲಾಸ್ಕೆಜ್ ಮತದಾರರ ನೋಂದಣಿಗಾಗಿ ಸಂಸ್ಥೆ ಕಟ್ಟಿದ್ದರು. ನಿನ್ನ ಮತವೇ ನಿನ್ನ ದನಿ ಎಂಬುದು ಅವರ ಘೋಷಣೆ. ಊರೂರಿನ ಮನೆಬಾಗಿಲಿಗೆ ಹೋಗಿ ಹೆಸರು ಬರೆಸಿದ ಆ ಮನುಷ್ಯ 1988ರಲ್ಲಿ, 44ನೇ ವಯಸ್ಸಿಗೆ ತೀರಿಕೊಂಡರು.

ಆದರೆ ನೋಂದಣಿಯ ಶಿಬಿರಗಳು ಮಾಡಲಾಗದ್ದನ್ನು ಕೆಲವೊಮ್ಮೆ ಎದುರಾಳಿಯೇ ಮಾಡಿಬಿಡುತ್ತಾನೆ. ಕ್ಯಾಲಿಫೋರ್ನಿಯಾದಲ್ಲಿ ಆದದ್ದು ಅದು.

ಕ್ಯಾಲಿಫೋರ್ನಿಯಾ ಅಂದರೆ ಡೆಮಾಕ್ರಟರ ಕೋಟೆ ಎಂದೇ ಈಗ ಎಲ್ಲರೂ ತಿಳಿದಿದ್ದೇವೆ. ಆದರೆ ಎದುರಿನ ರಿಪಬ್ಲಿಕನ್ ಪಕ್ಷದ ನಿಕ್ಸನ್ ಮತ್ತು ರೇಗನ್ ಇಬ್ಬರೂ ಅಲ್ಲಿಂದ ಬಂದವರು. 1988ರವರೆಗೂ ಅದು ಅಧ್ಯಕ್ಷೀಯ ಚುನಾವಣೆಯಲ್ಲಿ ಸಾಮಾನ್ಯವಾಗಿ ರಿಪಬ್ಲಿಕನ್ ರಾಜ್ಯ. 1994ರಲ್ಲಿ ಗವರ್ನರ್ ಪೀಟ್ ವಿಲ್ಸನ್ ಮರುಚುನಾವಣೆಯ ಕಷ್ಟದಲ್ಲಿದ್ದರು. ಅವರು ಹಿಡಿದುಕೊಂಡ ಅಸ್ತ್ರ 187ನೇ ಪ್ರಸ್ತಾವ. ದಾಖಲೆ ಇಲ್ಲದ ವಲಸಿಗರಿಗೆ ಸರ್ಕಾರಿ ಶಾಲೆ ಇಲ್ಲ, ತುರ್ತು ಸ್ಥಿತಿ ಬಿಟ್ಟರೆ ಸರ್ಕಾರಿ ಆಸ್ಪತ್ರೆ ಇಲ್ಲ. ಅನುಮಾನ ಬಂದವರ ಹೆಸರನ್ನು ಶಾಲೆಯವರೇ ವರದಿ ಮಾಡಬೇಕು. ಗಡಿಯ ಹೆದ್ದಾರಿಯಲ್ಲಿ ವಾಹನಗಳ ನಡುವೆ ಜನ ಓಡುತ್ತಿರುವ ಮಸುಕು ಚಿತ್ರದ ಜಾಹೀರಾತು ಟೀವಿಯಲ್ಲಿ ಮತ್ತೆ ಮತ್ತೆ ಬಂತು. ಲಾಸ್ ಏಂಜಲೀಸ್ ಬೀದಿಗಳಲ್ಲಿ ಹತ್ತಾರು ಸಾವಿರ ಜನ ಮೆರವಣಿಗೆ ಹೊರಟರು. ಪ್ರಸ್ತಾವ ಶೇ 59 ಮತಗಳಿಂದ ಗೆದ್ದಿತು, ವಿಲ್ಸನ್‌ರೂ ಗೆದ್ದರು. ನ್ಯಾಯಾಲಯ ತಡೆದದ್ದರಿಂದ ಕಾನೂನಿನ ಮುಖ್ಯ ಭಾಗ ಒಂದು ದಿನವೂ ಜಾರಿಗೆ ಬರಲಿಲ್ಲ.

ಈಗ ಕಾಲದ ಕೂಡಿಕೆ ನೋಡಿ, ಮೈ ಜುಮ್ಮೆನ್ನುತ್ತದೆ. 1986ರಲ್ಲಿ ರೇಗನ್ ಸಹಿ ಹಾಕಿದ ಕಾನೂನಿನಿಂದ ಸುಮಾರು 27 ಲಕ್ಷ ದಾಖಲೆರಹಿತ ವಲಸಿಗರು ಸಕ್ರಮರಾಗಿದ್ದರು, ಅವರಲ್ಲಿ ದೊಡ್ಡ ಪಾಲು ಕ್ಯಾಲಿಫೋರ್ನಿಯಾದವರು. ಗ್ರೀನ್ ಕಾರ್ಡ್ ಸಿಕ್ಕು ಐದು ವರ್ಷ ಕಳೆದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಆ ಐದು ವರ್ಷ ತುಂಬುತ್ತ ಬಂದದ್ದು ಸರಿಯಾಗಿ ಇದೇ ಹೊತ್ತಿಗೆ! ಇಲ್ಲದಿದ್ದರೆ ಎಷ್ಟೋ ಮಂದಿ ಗ್ರೀನ್ ಕಾರ್ಡಿನಲ್ಲೇ ಕಾಲ ಕಳೆಯುತ್ತಿದ್ದರು. ಭಯ ಅವರನ್ನು ಅರ್ಜಿಯ ಸಾಲಿಗೆ ದೂಡಿತು. 1996ರಲ್ಲಿ ದೇಶದಾದ್ಯಂತ ಹತ್ತು ಲಕ್ಷಕ್ಕೂ ಹೆಚ್ಚು ಜನ ಹೊಸದಾಗಿ ಪೌರರಾದರು. ಅಲ್ಲಿಯವರೆಗೆ ಯಾವ ವರ್ಷವೂ ಅಷ್ಟು ಮಂದಿ ಆಗಿರಲಿಲ್ಲ. ಒಬ್ಬ ರಿಪಬ್ಲಿಕನ್ ಬಾಗಿಲು ತೆರೆದರು, ಇನ್ನೊಬ್ಬ ರಿಪಬ್ಲಿಕನ್ ಹೆದರಿಸಿ ಅದರೊಳಕ್ಕೆ ಓಡಿಸಿದರು.

ಫಲ ಅದೇ ವರ್ಷ ಕಂಡಿತು. ಸಂಪ್ರದಾಯಸ್ಥರ ತವರಾದ ಆರೆಂಜ್ ಕೌಂಟಿಯಲ್ಲಿ ಹಳೇ ಹುಲಿ ಬಾಬ್ ಡೋರ್ನನ್ ಅವರನ್ನು ಲೊರೆಟ್ಟಾ ಸ್ಯಾಂಚೆಜ್ ಎಂಬ ಹೊಸಬರು 984 ಮತಗಳಿಂದ ಸೋಲಿಸಿದರು. ಪೌರರಲ್ಲದವರು ಮತ ಹಾಕಿದ್ದಾರೆಂದು ಡೋರ್ನನ್ ದೂರಿದರು, ಸಂಸತ್ತಿನ ತನಿಖೆ ವರ್ಷಕ್ಕೂ ಮೇಲೆ ನಡೆಯಿತು, ಸ್ಥಾನ ಸ್ಯಾಂಚೆಜ್ ಅವರಲ್ಲೇ ಉಳಿಯಿತು. ಇನ್ನೊಬ್ಬ ಹುಡುಗನ ಕತೆ ಕೇಳಿ. ಅಪ್ಪ ಹೋಟೆಲಿನ ಅಡುಗೆಯವರು, ಅಮ್ಮ ಮನೆಗಳನ್ನು ಶುಚಿ ಮಾಡುವವರು, ಇಬ್ಬರೂ ಮೆಕ್ಸಿಕೊದಿಂದ ಬಂದವರು. ಹುಡುಗ ಎಂಐಟಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ 1994ರಲ್ಲಿ ಊರಿಗೆ ಮರಳಿದ. ಟೀವಿ ಹಚ್ಚಿದರೆ ಆ ಜಾಹೀರಾತು. ಎಂಜಿನಿಯರಿಂಗ್ ಬಿಟ್ಟು ರಾಜಕೀಯಕ್ಕೆ ಇಳಿದ. ಹೆಸರು ಅಲೆಕ್ಸ್ ಪಡಿಲ್ಲಾ. 2021ರಲ್ಲಿ ಕ್ಯಾಲಿಫೋರ್ನಿಯಾದ ಮೊದಲ ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ಸೆನೆಟರ್. ಅತ್ತ ರಿಪಬ್ಲಿಕನ್ ಪಕ್ಷ 2006ರ ಬಳಿಕ ಅಲ್ಲಿ ರಾಜ್ಯವ್ಯಾಪಿ ಹುದ್ದೆಯೊಂದನ್ನೂ ಗೆದ್ದಿಲ್ಲ. ಇದಕ್ಕೆಲ್ಲ 187 ಒಂದೇ ಕಾರಣ ಎಂದರೆ ಅತಿಯಾಯಿತು. ಶೀತಲ ಸಮರ ಮುಗಿದು ವಿಮಾನ ಕಾರ್ಖಾನೆಗಳ ನೌಕರಿ ಹೋದಾಗ ಅನೇಕ ಬಿಳಿಯ ಕುಟುಂಬಗಳು ರಾಜ್ಯ ಬಿಟ್ಟಿದ್ದವು, ಅದೂ ಸೇರಿತು. ಅರಿಜೋನಾ ಕೂಡ 2010ರಲ್ಲಿ ಪೊಲೀಸರು ದಾಖಲೆ ಕೇಳುವ ಕಾನೂನು ತಂದು ಇದೇ ಪಾಠ ಓದಿತು. 2020ರಲ್ಲಿ ಬೈಡನ್ ಅಲ್ಲಿ 10,457 ಮತಗಳಿಂದ ಗೆದ್ದರು.

ಬಾಗಿಲು ತಟ್ಟುವ ಕೆಲಸ ಹೇಗಿರುತ್ತದೆ ಎಂದು ಹತ್ತಿರದಿಂದ ನೋಡಬೇಕಾದರೆ ಲಾಸ್ ವೇಗಸ್‌ಗೆ ಬನ್ನಿ. ಜೂಜಿನ ಮಹಲುಗಳ ಹಿಂಬಾಗಿಲಿನಿಂದ ಕೆಲಸಕ್ಕೆ ಹೋಗುವವರ ಸಂಘ ಕಲಿನರಿ ಯೂನಿಯನ್, ಲೋಕಲ್ 226. ಸುಮಾರು 60 ಸಾವಿರ ಸದಸ್ಯರು, ಅರ್ಧಕ್ಕೂ ಹೆಚ್ಚು ಲ್ಯಾಟಿನೊಗಳು: ಕೋಣೆಯ ಹಾಸಿಗೆ ಹೊದಿಕೆ ಬದಲಿಸುವವರು, ತಟ್ಟೆ ತೊಳೆಯುವವರು, ಮದ್ಯ ಬೆರೆಸುವವರು. ಚುನಾವಣೆ ಹತ್ತಿರವಾದರೆ ಒಪ್ಪಂದದಲ್ಲಿ ಬರೆಸಿಕೊಂಡಿರುವ ರಜೆ ಪಡೆದು ನೂರಾರು ಮಂದಿ ಬೀದಿಗಿಳಿಯುತ್ತಾರೆ. ಕೈಯಲ್ಲಿ ಮತದಾರರ ಪಟ್ಟಿ, ತಲೆಗೆ ಟೋಪಿ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಮರುಭೂಮಿಯ ಬಿಸಿಲು. ಬಾಗಿಲು ತೆರೆದವರ ಹತ್ತಿರ ಮಾತು ಶುರುವಾಗುವುದು ಸ್ಪ್ಯಾನಿಷ್‌ನಲ್ಲಿ, ಅದೂ ಮನೆ ಬಾಡಿಗೆಯಿಂದ. 2022ರಲ್ಲಿ ಹತ್ತು ಲಕ್ಷ ಬಾಗಿಲು ತಟ್ಟಿದೆವು ಎಂದು ಸಂಘ ಹೇಳಿಕೊಂಡಿತು. ಆ ವರ್ಷ ದೇಶದ ಮೊದಲ ಲ್ಯಾಟಿನಾ ಸೆನೆಟರ್ ಕ್ಯಾಥರಿನ್ ಕೊರ್ಟೆಜ್ ಮ್ಯಾಸ್ಟೊ ನೆವಾಡಾದಲ್ಲಿ ಮತ್ತೆ ಗೆದ್ದ ಅಂತರ ಎಂಟು ಸಾವಿರಕ್ಕೂ ಕಡಿಮೆ. ಸೆನೆಟ್ ಡೆಮಾಕ್ರಟರ ಕೈಯಲ್ಲಿ ಉಳಿದದ್ದು ಅದರಿಂದ.

ಹಾಗಾದರೆ ಸಂಘವೇ ಗುಟ್ಟೇ? ತಾಳಿ. 2024ರ ಜೂನ್‌ನಲ್ಲಿ ಇದೇ ಲಾಸ್ ವೇಗಸ್‌ಗೆ ಬಂದು ಟ್ರಂಪ್ ಒಂದು ಮಾತು ಬಿಟ್ಟರು: ಟಿಪ್ಸ್ ಮೇಲೆ ತೆರಿಗೆ ಇಲ್ಲ. ಟಿಪ್ಸ್‌ನಿಂದಲೇ ಸಂಸಾರ ನಡೆಸುವವರ ನಗರ ಅದು! ಹ್ಯಾರಿಸ್ ಕೂಡ ಎರಡು ತಿಂಗಳಲ್ಲಿ ಅದೇ ಭರವಸೆ ಕೊಡಬೇಕಾಯಿತು. ಸಂಘ ಹ್ಯಾರಿಸ್ ಪರವಾಗಿ ದುಡಿಯಿತು, ನೆವಾಡಾ ಟ್ರಂಪ್‌ಗೆ ಹೋಯಿತು. 2004ರ ನಂತರ ರಿಪಬ್ಲಿಕನ್ನರಿಗೆ ಅದು ಮೊದಲ ಸಲ.

ಫ್ಲೋರಿಡಾದ ಹಿಸ್ಪಾನಿಕರದ್ದು ಬೇರೆಯೇ ಲೋಕ. ಕ್ಯಾಸ್ಟ್ರೊ ಆಡಳಿತದಿಂದ ಓಡಿಬಂದ ಕ್ಯೂಬನ್ನರಿಗೆ ಸಮಾಜವಾದ ಎಂಬ ಪದವೇ ವಿಷ. 1999ರ ಕೊನೆಯಲ್ಲಿ ಸಮುದ್ರದಲ್ಲಿ ತಾಯಿಯನ್ನು ಕಳೆದುಕೊಂಡು ಬದುಕುಳಿದ ಎಲಿಯಾನ್ ಗೊಂಜಾಲೆಜ್ ಎಂಬ ಪುಟ್ಟ ಹುಡುಗನನ್ನು ಬಿಲ್ ಕ್ಲಿಂಟನ್ ಸರ್ಕಾರ ಮಯಾಮಿಯ ಬಂಧುಗಳಿಂದ ಬಂದೂಕಿನ ಬಲದಿಂದ ಬಿಡಿಸಿ ಕ್ಯೂಬಾದ ತಂದೆಗೆ ಒಪ್ಪಿಸಿತು. 2000ರ ನವೆಂಬರಿನಲ್ಲಿ ಆ ಸಿಟ್ಟು ಮತಗಟ್ಟೆಗೆ ಬಂತು. ಜಾರ್ಜ್ ಬುಷ್ ಫ್ಲೋರಿಡಾ ಗೆದ್ದದ್ದು 537 ಮತಗಳಿಂದ, ಅದರೊಂದಿಗೆ ಇಡೀ ದೇಶವನ್ನು. ಪೋರ್ಟೊರಿಕೊದವರ ಸ್ಥಿತಿ ಇನ್ನೂ ವಿಚಿತ್ರ. 1917ರಿಂದ ಅವರು ಅಮೆರಿಕದ ಪೌರರು, ಆದರೆ ದ್ವೀಪದಲ್ಲಿರುವವರೆಗೆ ಅಧ್ಯಕ್ಷನಿಗೆ ಮತ ಹಾಕುವಂತಿಲ್ಲ. ವಿಮಾನ ಹತ್ತಿ ಒರ್ಲಾಂಡೊದಲ್ಲಿ ಮನೆ ಹೂಡಿ ಹೆಸರು ಬರೆಸಿದರೆ ಮುಗಿಯಿತು, ಹಾಕಬಹುದು.

ಇಷ್ಟೆಲ್ಲ ಭಿನ್ನ ಜನರನ್ನು ಒಂದೇ ತೂಬಿನಿಂದ ಹರಿಯುವ ಕೆರೆನೀರಿನಂತೆ ಲೆಕ್ಕ ಹಾಕಿದ್ದೇ ಪಂಡಿತರ ಸಾಹಸ! 2020ರಲ್ಲಿ ಅರ್ಹ ಹಿಸ್ಪಾನಿಕರಲ್ಲಿ ಮತ ಹಾಕಿದವರು ಶೇ 53.7, ಬಿಳಿಯರಲ್ಲಿ ಶೇ 70.9. ಹತ್ತಿರಹತ್ತಿರ ಅರ್ಧ ಜನ ಇನ್ನೂ ಹೊರಗೇ ನಿಂತಿದ್ದರು. 2024ರ ಹೊತ್ತಿಗೆ ಅರ್ಹರ ಸಂಖ್ಯೆ 3.6 ಕೋಟಿ ದಾಟಿತು. ಪ್ರತಿ ವರ್ಷ ಸರಾಸರಿ 14 ಲಕ್ಷ ಹಿಸ್ಪಾನಿಕರು ಹೊಸದಾಗಿ ಮತದ ಹಕ್ಕು ಪಡೆಯುತ್ತಾರೆ, ಹೆಚ್ಚಿನವರು ಅಲ್ಲೇ ಹುಟ್ಟಿ ಹದಿನೆಂಟು ತುಂಬಿದ ಮಕ್ಕಳು. ಅಂದರೆ ನೀವು ಈ ಪ್ಯಾರಾ ಓದಿ ಮುಗಿಸುವಷ್ಟರಲ್ಲಿ ಒಬ್ಬರೋ ಇಬ್ಬರೋ. ಪ್ಯೂ ಸಂಶೋಧನಾ ಕೇಂದ್ರದವರು ಮತ ಹಾಕಿದ್ದನ್ನು ದಾಖಲೆಯಲ್ಲಿ ತಾಳೆ ನೋಡಿ ಮಾಡಿದ ಸಮೀಕ್ಷೆಯಂತೆ, 2020ರಲ್ಲಿ ಬೈಡನ್‌ಗೆ 61, ಟ್ರಂಪ್‌ಗೆ 36 ಇದ್ದ ಹಿಸ್ಪಾನಿಕ್ ಶೇಕಡಾವಾರು, 2024ರಲ್ಲಿ ಹ್ಯಾರಿಸ್‌ಗೆ 51, ಟ್ರಂಪ್‌ಗೆ 48 ಆಯಿತು. ಮನಸ್ಸು ಬದಲಿಸಿದವರು ಇದ್ದರು, ನಿಜ. ಜೊತೆಗೆ ಯಾರು ಮನೆಯಲ್ಲುಳಿದರು, ಯಾರು ಹೊಸದಾಗಿ ಎದ್ದು ಬಂದರು ಎಂಬುದೂ ಅಷ್ಟೇ ಭಾರವಾಗಿತ್ತು.

2024ರ ಅದೇ ಚುನಾವಣೆಯ ಇನ್ನೊಂದು ಸೋಜಿಗ. ಟ್ರಂಪ್ ಗೆದ್ದ ಅರಿಜೋನಾದಲ್ಲಿ ಡೆಮಾಕ್ರಟರ ರೂಬೆನ್ ಗಯೇಗೊ ಸೆನೆಟ್‌ಗೆ ಆರಿಸಿಬಂದರು, ಆ ರಾಜ್ಯದ ಮೊದಲ ಲ್ಯಾಟಿನೊ ಸೆನೆಟರ್ ಆಗಿ. ಸ್ಟಾರ್ ಕೌಂಟಿಯನ್ನು ಒಳಗೊಂಡ ಸಂಸತ್ ಕ್ಷೇತ್ರದಲ್ಲೂ ಅಧ್ಯಕ್ಷೀಯ ಮತ ಟ್ರಂಪ್ ಕಡೆಗೆ, ಸಂಸದ ಮಾತ್ರ ಡೆಮಾಕ್ರಟ್ ಹೆನ್ರಿ ಕ್ವೆಯಾರ್. ಒಂದೇ ಮತಪತ್ರ, ಒಂದೇ ಪೆನ್ನು, ಎರಡು ಪಕ್ಷ.

ಹಿಸ್ಪಾನಿಕರು ಇನ್ನು ನಮ್ಮವರೇ ಎಂಬ ಭರವಸೆಯಲ್ಲಿ 2025ರ ಆಗಸ್ಟ್‌ನಲ್ಲಿ ಟೆಕ್ಸಸ್‌ನ ರಿಪಬ್ಲಿಕನ್ನರು ಸಂಸತ್ ಕ್ಷೇತ್ರಗಳ ಗೆರೆಗಳನ್ನೇ ಹೊಸದಾಗಿ ಎಳೆದರು, ಇನ್ನೂ ಐದು ಸ್ಥಾನ ಗಿಟ್ಟಿಸುವ ಲೆಕ್ಕದಲ್ಲಿ. ಹಿಸ್ಪಾನಿಕರೇ ಹೆಚ್ಚಿರುವ ಕ್ಷೇತ್ರಗಳನ್ನೂ ಅದರಲ್ಲಿ ತಮ್ಮ ಖಾತೆಗೆ ಬರೆದುಕೊಂಡರು. ಮೂರೇ ತಿಂಗಳಿಗೆ ನ್ಯೂಜೆರ್ಸಿಯಲ್ಲಿ ಗವರ್ನರ್ ಚುನಾವಣೆ ಬಂತು. ಐವರಲ್ಲಿ ಇಬ್ಬರು ಹಿಸ್ಪಾನಿಕರಿರುವ ಪಸೇಯಿಕ್ ಕೌಂಟಿ ವರ್ಷದ ಹಿಂದಷ್ಟೇ ಟ್ರಂಪ್ ಪಾಲಾಗಿತ್ತು. ಗವರ್ನರ್ ಚುನಾವಣೆಗೆ ಎರಡು ದಶಕಕ್ಕೂ ಹೆಚ್ಚು ಕಾಲದಲ್ಲಿ ಕಾಣದಷ್ಟು ಜನ ಆ ರಾಜ್ಯದಲ್ಲಿ ಮತ ಹಾಕಿದರು, ಮತ್ತು ಪಸೇಯಿಕ್ ಡೆಮಾಕ್ರಟರ ಮಿಕಿ ಶೆರಿಲ್‌ಗೆ ಹತ್ತು ಶೇಕಡಾಂಶಕ್ಕೂ ಹೆಚ್ಚು ಮುನ್ನಡೆ ಕೊಟ್ಟಿತು.